ಅಂತರ್ದೃಷ್ಟಿ ಮಿತ್ರ

ಕುರುಡ ಎಂಬ ಪದವನ್ನು ಕಿತ್ತುಹಾಕಲು ಕಂಪನಿಯವರು ಒಂದು ಸಮಿತಿ ಮಾಡಿದರು. ಇಡೀ ಕಂಪನಿಯಲ್ಲಿ ಇದ್ದದ್ದು ಒಬ್ಬನೇ ಕುರುಡ. ಅವನನ್ನು ಸಮಿತಿಗೆ ಸೇರಿಸಿಕೊಳ್ಳಲಿಲ್ಲ. ಯಾಕೆ ಎಂದು ಅವನು ಕೇಳಿದ್ದಕ್ಕೆ, "ಚರ್ಚೆಯಲ್ಲಿ ಆ ಪದ ಮತ್ತೆ ಮತ್ತೆ ಬರುತ್ತೆ ನೋಡಿ, ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ," ಎಂದರು. ಎಂಥ ಕರುಣೆ! ಅವನ ನೋವಿನ ಬಗ್ಗೆ ಅವನಿಲ್ಲದ ಕೋಣೆಯಲ್ಲಿ, ತಂಪು ಗಾಳಿ ಹಾಕಿಕೊಂಡು, ಬಿಸ್ಕತ್ತು ತಿನ್ನುತ್ತ ವಾರಗಟ್ಟಲೆ ನೊಂದುಕೊಂಡರು.

ಕಚೇರಿಯಲ್ಲಿ ಅವನನ್ನು ಕಿವಿಯಪ್ಪ ಎನ್ನುತ್ತಿದ್ದರು. ಹೆಸರಿಟ್ಟವಳು ಟೀ ಮಾಡುವ ಅಮ್ಮ. ಕಾಲಿನ ಸದ್ದು ಕೇಳಿಯೇ ಯಾರು ಬಂದರು, ಯಾರಿಗೆ ಬೆಳಿಗ್ಗೆ ಬೆಳಿಗ್ಗೆ ಮ್ಯಾನೇಜರಿಂದ ಮಂಗಳಾರತಿ ಆಗಿದೆ ಎಂದು ಅವನು ಹೇಳಿಬಿಡುತ್ತಿದ್ದ. "ಏನ್ ಕಿವಿಯಪ್ಪ, ಇವತ್ತು ಯಾರ ಹೆಜ್ಜೆ ಭಾರ?" ಎಂದು ಅವಳು ದಿನಾ ಕೇಳುವಳು. ಆ ಹೆಸರು ಅವನಿಗೆ ಹಿಡಿಸಿತ್ತು. ಕೊಟ್ಟವಳು ಅವನ ಮುಖದೆದುರೇ ಕೂಗಿ ಕೊಟ್ಟಿದ್ದಳು. ಸಮಿತಿ ತನ್ನ ಮೊದಲ ಸಭೆಯಲ್ಲೇ ಅದನ್ನೂ ನಿಷೇಧಿಸಿತು.

ಅವನದು ಪರೀಕ್ಷಕನ ಕೆಲಸ. ಕಂಪನಿ ಮಾಡಿದ ಸಾಫ್ಟ್‌ವೇರ್ ಕಣ್ಣಿಲ್ಲದವರಿಗೆ ಬಳಸಲು ಬರುತ್ತದೋ ಇಲ್ಲವೋ ಎಂದು ನೋಡಿ ಹೇಳಬೇಕು. ನೋಡಿ ಎಂದೇ ಅವನೂ ಹೇಳುತ್ತಿದ್ದ, ಆ ಪದದ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಫೋನಿನ ಗಾಜಿನ ಮೇಲೆ ಬೆರಳು ಸವರಿದರೆ ಒಳಗಿನ ಹೆಂಗಸಿನ ದನಿ ಬೆರಳಡಿ ಇರುವುದನ್ನು ಓದುತ್ತದೆ. ಎರಡು ಸಲ ತಟ್ಟಿದರೆ ಒತ್ತಿದ ಹಾಗೆ. ಆದರೆ ಒಂದೊಂದು ಬಟನ್ನಿನ ಹಿಂದೆಯೂ ಯಾರಾದರೂ ಹೆಸರು ಬರೆದಿಟ್ಟಿದ್ದರೆ ಮಾತ್ರ ದನಿ ಅದನ್ನು ಓದೀತು. ಬರೆದಿಡದಿದ್ದರೆ ಬರೀ "ಬಟನ್" ಎನ್ನುತ್ತದೆ. ಯಾವ ಬಟನ್, ಒತ್ತಿದರೆ ಏನಾಗುತ್ತದೆ, ಅದು ನಿಮ್ಮ ಹಣೆಬರಹ.

ಈ ಸಲದ ಕೆಲಸ ಊರಿನ ದೊಡ್ಡಾಸ್ಪತ್ರೆಯದು. ಡಾಕ್ಟರ ಸರದಿ, ರಕ್ತಪರೀಕ್ಷೆ, ಡಯಾಲಿಸಿಸ್ ಕುರ್ಚಿ, ಎಲ್ಲವನ್ನೂ ಫೋನಿನಲ್ಲೇ ಬುಕ್ ಮಾಡುವ ಆ್ಯಪ್. ಸದ್ಯಕ್ಕೆ ಪ್ರಯೋಗಕ್ಕೆ ಬಿಟ್ಟಿದ್ದರು. ಜೊತೆಗೆ ಆಸ್ಪತ್ರೆಯ ಹಳೆಯ ಬುಕಿಂಗ್ ಕೌಂಟರ್ ಕೂಡ ನಡೆಯುತ್ತಿತ್ತು. ಉದ್ಘಾಟನೆ ಆದ ಮೇಲಿನ ಸೋಮವಾರದಿಂದ ಕೌಂಟರ್ ಬಂದ್. ಕಿಟಕಿಗೆ ಹಲಗೆ ಹೊಡೆದು ಅಲ್ಲೊಂದು ಹೂಕುಂಡ ಇಡುವುದೆಂದೂ ತೀರ್ಮಾನವಾಗಿತ್ತು. ಆದರೆ ಒಪ್ಪಂದದಲ್ಲಿ ಒಂದು ಮುಳ್ಳಿತ್ತು. ಕಣ್ಣಿಲ್ಲದ ಪರೀಕ್ಷಕನೊಬ್ಬ ಬಳಸಿ ನೋಡಿ, ಸರಿಯಿದೆ ಎಂದು ಒಪ್ಪಬೇಕು. ಅವನು ಒಪ್ಪದೆ ಕೌಂಟರ್ ಮುಚ್ಚುವಂತಿಲ್ಲ. ಕಂಪನಿ ಕಿವಿಯಪ್ಪನನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ಆ ಮುಳ್ಳು ತೆಗೆಯಲು.

ಆ ಡಯಾಲಿಸಿಸ್ ಕುರ್ಚಿಯನ್ನೇ ಅವನ ಅಕ್ಕನ ಉಸಿರು ನೆಚ್ಚಿಕೊಂಡಿತ್ತು. ಅವಳಿಗೂ ಹುಟ್ಟಿನಿಂದ ಕಣ್ಣಿಲ್ಲ. ಹೆತ್ತಮ್ಮ ಹೋದ ಮೇಲೆ ತಮ್ಮನನ್ನು ಸಾಕಿದವಳು ಅವಳು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಆ ಕುರ್ಚಿಯಲ್ಲಿ ಕೂರಬೇಕು, ತೋಳಿಗೆ ದಬ್ಬಳದಂಥ ಸೂಜಿ ಚುಚ್ಚಿಸಿಕೊಳ್ಳಬೇಕು. ಒಂದು ಸಲ ತಪ್ಪಿದರೆ ಕಾಲು ಊದುತ್ತದೆ, ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಮತ್ತೊಂದು ಸಲ ತಪ್ಪಿದರೆ ಏನು ಎಂದು ಅಕ್ಕ ತಮ್ಮ ಇಬ್ಬರೂ ಬಾಯಿಬಿಟ್ಟು ಮಾತಾಡಿರಲಿಲ್ಲ.

ಮೊದಲೆಲ್ಲ ಕೌಂಟರಿಗೆ ಹೋಗುತ್ತಿದ್ದಳು. ಸಾಲಿನಲ್ಲಿ ತಳ್ಳಿಸಿಕೊಂಡು ನಿಲ್ಲುವಳು. ಒಳಗಿನವನು "ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬರೋಕಾಗಲ್ವಾ?" ಎಂದು ರೇಗುವನು. ರೇಗಿದರೂ ಅಲ್ಲೊಂದು ದನಿ ಇತ್ತು. ಕೇಳಿದರೆ ಉತ್ತರ ಬರುತ್ತಿತ್ತು.

ಆ್ಯಪ್ ಮೊದಲು ಅವನ ಕೈಗೆ ಬಂದಾಗ ಅದರ ತುಂಬ ಚಿತ್ರಗಳೇ. ಒಂದು ಬಟನ್ನಿಗೂ ಅಕ್ಷರವಿಲ್ಲ, ಹೆಸರಿಲ್ಲ. ಚಿತ್ರ ಮಾಡಿದವರನ್ನು ಕೇಳಿದರೆ, "ಚಿತ್ರ ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ, ಅದಕ್ಕೇ," ಎಂದರು. ಎಲ್ಲರಿಗೂ! ಆ ಎಲ್ಲರೊಳಗೆ ತಾನಿಲ್ಲ ಎಂಬುದು ಕಿವಿಯಪ್ಪನಿಗೆ ಹೊಸದೇನಲ್ಲ. ಹೆಸರುಗಳನ್ನು ತಾನೇ ಬರೆಯಲು ಕೂತ. ಬರೆಯಲು ಯಾರಾದರೂ ಆ ಚಿತ್ರ ಏನೆಂದು ಹೇಳಬೇಕಲ್ಲ. ಮೇಜಿಂದ ಮೇಜಿಗೆ ಹೋದ. "ಸ್ವಲ್ಪ ಇದೇನು ಅಂತ ಹೇಳ್ತೀರಾ?" ಒಬ್ಬನಿಗೆ ಮೀಟಿಂಗು. ಒಬ್ಬಳಿಗೆ ತಲೆನೋವು. ಇನ್ನೊಬ್ಬ ಉಸಿರು ಬಿಗಿಹಿಡಿದು, ತಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಕೂತಿದ್ದ. ಅವನ ಉಸಿರು ಬಿಗಿಹಿಡಿದ ಸದ್ದೂ ಕೇಳಿಸುತ್ತಿತ್ತು.

ಕೊನೆಗೆ ಹೇಳಿದವಳು ಟೀ ಅಮ್ಮ. ಅವಳ ಒಲೆಯ ಪಕ್ಕದ ಸ್ಟೂಲಿನ ಮೇಲೆ, ಬೆನ್ನಿಗೆ ಕಾವು ಹೊಡೆಸಿಕೊಂಡು, ಕತ್ತು ಬಗ್ಗಿಸಿ ವಾರಗಟ್ಟಲೆ ಕೂತ. ಸಂಜೆಯಾಗುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು.

"ಇದು ಕಸದ ಬುಟ್ಟಿ," ಎನ್ನುವಳು ಅವಳು. ಒತ್ತಿ ನೋಡಿದರೆ ಬುಕಿಂಗ್ ರದ್ದು. ಅವನು ಹಾಗೆಂದು ಬರೆಯುವನು.

"ಇದೊಂದು ಕುರ್ಚಿ. ಪಕ್ಕದಲ್ಲಿ ಮೇಷ್ಟ್ರು ಹಾಕೋ ಸರಿ ಗುರುತು." ಕುರ್ಚಿ ಖಚಿತ ಮಾಡಿ.

"ಇದೇನಪ್ಪ ಇದು? ಹಲ್ಲುಜ್ಜೋ ಬ್ರಷ್ಷಾ, ಸೂಜಿಯಾ? ಬಿಡಿಸಿದವನಿಗೇ ಗೊತ್ತಿಲ್ಲ ಅನ್ಸುತ್ತೆ."

ಹಾಗೆ ಒಂದೊಂದನ್ನೂ ಹೆಕ್ಕಿ, ಹೆಸರುಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿದ. ಫೈಲಿಗೆ 'ಕುರುಡು ಮಾತು' ಎಂದು ಹೆಸರಿಟ್ಟ. ಆ್ಯಪ್ ಆ ಹೆಸರು ಹಿಡಿದು ಹೋಗಿ ಫೈಲನ್ನು ತೆರೆಯುತ್ತದೆ, ಬೆರಳಡಿಯ ಬಟನ್ನಿಗೆ ಯಾವ ಹೆಸರೋ ಅದನ್ನು ದನಿಯ ಬಾಯಿಗೆ ಕೊಡುತ್ತದೆ. ಮುಂದೆ ಯಾರೇ ಬಂದರೂ ಫೈಲು ಯಾರಿಗಾಗಿ, ಯಾತಕ್ಕಾಗಿ ಎಂದು ಹೆಸರಿನಲ್ಲೇ ತಿಳಿಯಲಿ ಎಂಬುದು ಅವನ ಲೆಕ್ಕಾಚಾರ. ಹೆಸರು ಎಂದರೆ ಇನ್ನೇನಕ್ಕೆ?

ಅಕ್ಕ ಮೊದಲ ಸಲ ತಾನೇ ಕುರ್ಚಿ ಬುಕ್ ಮಾಡಿದ ದಿನ ಮನೆಯಲ್ಲಿ ಕುಣಿದಾಡಿದಳು. "ಲೋ ತಮ್ಮಾ, ಯಾರ ಮೊಣಕೈನೂ ಹಿಡಿಲಿಲ್ಲ ಕಣೋ! ಯಾರ ಹತ್ರಾನೂ ಹಲ್ಲು ಗಿಂಜಲಿಲ್ಲ!" ಎಂದಳು. ಅವನಿಗೆ ಹೊಟ್ಟೆ ತುಂಬಿದಂತಾಯಿತು.

ಅಷ್ಟರಲ್ಲಿ ಸಮಿತಿಯ ಕೆಲಸ ಭರ್ಜರಿಯಾಗಿ ಸಾಗಿತ್ತು. ಸಮಿತಿಯ ಮುಖ್ಯಸ್ಥನನ್ನು ಎಲ್ಲರೂ ಬೆನ್ನ ಹಿಂದೆ ಪದಾಧಿಕಾರಿ ಎನ್ನುತ್ತಿದ್ದರು. ಮೆತ್ತನೆಯ ದನಿ, ಅತ್ತರಿನ ಘಮ. ಹೇಳದೆ ಕೇಳದೆ ಬಂದು ಹೆಗಲ ಮೇಲೆ ಕೈಯಿಡುವ ಚಾಳಿ. ಕಚೇರಿಯಲ್ಲಿ ಅವನು 'ಪದಶುದ್ಧಿ ಸಪ್ತಾಹ' ನಡೆಸಿದ. ಮೊದಲು ಹೋದದ್ದು ಯಜಮಾನ ಮತ್ತು ಗುಲಾಮ. ಒಂದು ಕಂಪ್ಯೂಟರ್ ಹೇಳಿದ್ದನ್ನು ಇನ್ನೊಂದು ಮಾಡುತ್ತಿದ್ದರೆ ಅವಕ್ಕೆ ಹಾಗೆನ್ನುವುದು ಆ ಕಸುಬಿನ ಹಳೆಯ ರೂಢಿ. ಮುಖ್ಯ ಮತ್ತು ಪ್ರತಿ ಎಂದು ಮಾಡಿದರು. ಆಗ ಕಿವಿಯಪ್ಪನೂ ಚಪ್ಪಾಳೆ ತಟ್ಟಿದ. ಮನುಷ್ಯನ ಬೆನ್ನ ಮೇಲಿನ ಬರೆಯನ್ನು ಯಂತ್ರಕ್ಕೆ ಹೆಸರಾಗಿ ಇಟ್ಟುಕೊಳ್ಳುವುದು ಅವನಿಗೂ ಅಸಹ್ಯವೇ. ಮುಖ್ಯ, ಪ್ರತಿ ಎಂದರೆ ಯಾವುದು ಏನು ಮಾಡುತ್ತದೆ ಎಂಬುದೂ ನೆಟ್ಟಗೆ ತಿಳಿಯುತ್ತದೆ. ಒಳ್ಳೆಯ ಕೆಲಸವನ್ನು ಒಳ್ಳೆಯದು ಎನ್ನಲು ಅವನಿಗೇನೂ ನಾಲಿಗೆ ಬೀಳುತ್ತಿರಲಿಲ್ಲ.

ಆಮೇಲೆ ಅವರಿಗೆ ರುಚಿ ಹತ್ತಿತು. ಕುರುಡನ ಸರದಿ ಬಂತು.

ಪದಾಧಿಕಾರಿ ಮೈಕು ಹಿಡಿದು ಹೊಸ ಪದವನ್ನು ಘೋಷಿಸಿದ. ಇನ್ನು ಮುಂದೆ ಯಾರೂ ಕುರುಡರಲ್ಲ, ಎಲ್ಲರೂ ಅಂತರ್ದೃಷ್ಟಿ ಮಿತ್ರರು. ಜೋರು ಕರತಾಡನ. ಹೆಗಲ ಮೇಲೆ ಕೈ ಬಂತು.

"ಹೇಗಿದೆ ಹೆಸರು? ಒಳಗಣ್ಣು ಇರುವವರು ಅಂತ ಅರ್ಥ."

"ಒಳಗೆ ಏನು ಕಾಣುತ್ತೆ ಸಾರ್? ಕರುಳಾ?" ಎಂದ ಕಿವಿಯಪ್ಪ.

ಟೀ ಅಮ್ಮನ ಕೈಯಲ್ಲಿದ್ದ ಲೋಟ ಜಾರಿ ಬಿತ್ತು, ನಗು ತಡೆಯಲಾಗದೆ. ಪದಾಧಿಕಾರಿಯೂ ನಕ್ಕ. ನೊಂದವರ ಕಹಿಯನ್ನು ದೊಡ್ಡ ಮನಸ್ಸಿನಿಂದ ಸಹಿಸಿಕೊಳ್ಳುವವರ ನಗು ಅದು. ಕಿವಿಯಪ್ಪನಿಗೆ ಬೈಗುಳಕ್ಕಿಂತ ಆ ನಗುವೇ ಹೆಚ್ಚು ಉರಿಯಿತು.

ಮಾರನೆಯ ದಿನ ಆ್ಯಪಿನ ಕೋಡಿನಲ್ಲಿ ಎಲ್ಲೆಲ್ಲಿ ಕುರುಡು ಎಂದಿತ್ತೋ ಅಲ್ಲೆಲ್ಲ ಅಂತರ್ದೃಷ್ಟಿ ಎಂದು ಒಂದೇ ಏಟಿಗೆ ಬದಲಾಯಿಸಿದರು. ಯಾರೂ ಕೂತು ಓದಲಿಲ್ಲ. ಯಂತ್ರಕ್ಕೆ ಹೇಳಿದರು, ಯಂತ್ರ ಮಾಡಿತು. ಕಣ್ಣಿನ ವಿಭಾಗದ ಪುಟದಲ್ಲಿ 'ಕುರುಡುತನ ತಡೆ ಶಿಬಿರ' ಎಂದಿದ್ದದ್ದು 'ಅಂತರ್ದೃಷ್ಟಿತನ ತಡೆ ಶಿಬಿರ' ಆಯಿತು. ಅದನ್ನೂ ಯಾರೂ ಗಮನಿಸಲಿಲ್ಲ. ಕಣ್ಣಿದ್ದವರ ಕಥೆ ಇದು.

ಹೊಸ ಆ್ಯಪ್ ತಾನಾಗಿಯೇ ಎಲ್ಲರ ಫೋನಿಗೆ ಇಳಿಯಿತು. ಬೆಳಿಗ್ಗೆ ಅಕ್ಕ, ಮೊದಲೇ ಬುಕ್ ಮಾಡಿಟ್ಟ ಅಂದಿನ ಕುರ್ಚಿಯನ್ನು ಖಚಿತ ಮಾಡಲು ಬೆರಳು ಸವರಿದಳು. ಬಟನ್, ಎಂದಿತು ದನಿ. ಇನ್ನೊಮ್ಮೆ ಸವರಿದಳು. ಬಟನ್. ಮತ್ತೆ ಬಟನ್. ತಮ್ಮ ಅಷ್ಟರಲ್ಲಿ ಕೆಲಸಕ್ಕೆ ಹೊರಟಾಗಿತ್ತು. ಅವಳಿಗೆ ಸಾಲಿನ ಲೆಕ್ಕ ರೂಢಿಯಾಗಿತ್ತು. ಕುರ್ಚಿ ಖಚಿತ ಮಾಡುವುದು ಎಷ್ಟನೆಯದು ಎಂದು ಬೆರಳಿಗೇ ಗೊತ್ತಿತ್ತು. ಎಣಿಸಿ ತಟ್ಟಿದಳು. ಆದರೆ ಸಮಿತಿಯವರು ಅಂದೇ ಎಲ್ಲಕ್ಕಿಂತ ಮೇಲೆ ಹೊಸ ಬಟನ್ನೊಂದನ್ನು ಸೇರಿಸಿದ್ದರು, 'ಅಂತರ್ದೃಷ್ಟಿ ಮಿತ್ರರಿಗೆ ಸ್ವಾಗತ' ಎಂದು. ಆ ಸ್ವಾಗತಕ್ಕೆ ಉಳಿದವೆಲ್ಲ ಒಂದೊಂದು ಸ್ಥಾನ ಕೆಳಗೆ ಸರಿದಿದ್ದವು. ಅಕ್ಕನ ಬೆರಳು ಕಸದ ಬುಟ್ಟಿಯ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ನರ್ಸು, "ನೀವೇ ಕ್ಯಾನ್ಸಲ್ ಮಾಡಿದೀರಲ್ಲಮ್ಮ," ಎಂದಳು. ಕುರ್ಚಿ ಬೇರೆಯವರ ಪಾಲಾಗಿತ್ತು. ಅಕ್ಕ ಇಡೀ ದಿನ ಕಾರಿಡಾರಿನ ಕಬ್ಬಿಣದ ಬೆಂಚಿನ ಮೇಲೆ ಕೂತಳು. ಓಡಾಡುವವರು ಅವಳ ಕೋಲಿಗೆ ಎಡವಿ ಅವಳನ್ನೇ ಬೈದರು. ಶೌಚಕ್ಕೆ ಹೋಗಲು ದಾರಿ ಕೇಳಿದರೆ ಒಬ್ಬ "ಅಲ್ಲಿ" ಎಂದು ಹೇಳಿ ಹೋದ. ಎಲ್ಲಿ? ಸಂಜೆ ಯಾರೋ ಬಾರದೆ ಒಂದು ಕುರ್ಚಿ ಖಾಲಿ ಬಿತ್ತು, ಅರ್ಧ ಹೊತ್ತಿನ ಡಯಾಲಿಸಿಸ್ ಸಿಕ್ಕಿತು.

ಕಿವಿಯಪ್ಪ ಮನೆಗೆ ಬಂದಾಗ ಅವಳು ಗೋಡೆಗೆ ಒರಗಿ ಉಸಿರು ಎಳೆಯುತ್ತಿದ್ದಳು. ಕಾಲು ಮುಟ್ಟಿ ನೋಡಿದ. ಬೆರಳಿಟ್ಟ ಕಡೆ ಬೆರಳು ಹೂತುಕೊಂಡಿತು. ತೆಗೆದ ಮೇಲೂ ತಗ್ಗು ಹಾಗೇ ಉಳಿಯಿತು.

"ನೀನು ಬರೆದ ಹೆಸರೆಲ್ಲ ಎಲ್ಲಿ ಹೋದ್ವೋ ತಮ್ಮಾ? ನಾನೇನಾದ್ರೂ ಕೆಡಿಸಿಬಿಟ್ನೇನೋ?"

"ನೀನಲ್ಲ ಕಣಕ್ಕ," ಎಂದ. ತಾನು ಕೆಡಿಸಿದೆನೇನೋ ಎಂದು ಅವಳು ಕೇಳಿದ್ದು ಅವನ ಎದೆಗೆ ನಾಟಿತು. ಇವರು ಕೆಡಿಸುವುದು, ನಾವು ನಾಚಿಕೊಳ್ಳುವುದು.

ಕಚೇರಿಗೆ ಹೋಗಿ ಮೊದಲು ದೂರು ಬರೆದ. ತಪ್ಪುಗಳನ್ನು ದಾಖಲಿಸಲು ಅಲ್ಲೊಂದು ವ್ಯವಸ್ಥೆಯಿತ್ತು. 'ಕುರುಡರಿಗೆ ಬಟನ್ ಹೆಸರು ಕೇಳಿಸುತ್ತಿಲ್ಲ. ರೋಗಿಗಳ ಜೀವಕ್ಕೆ ಅಪಾಯ,' ಎಂದು ಬರೆದು ಕಳಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ ಬಂತು. ದನಿ ಓದಿ ಹೇಳಿತು: 'ನಿಮ್ಮ ಬರಹದಲ್ಲಿ ಇತರರಿಗೆ ನೋವುಂಟುಮಾಡುವ ಪದವಿದೆ. ದಯವಿಟ್ಟು ಸೌಮ್ಯ ಪದ ಬಳಸಿ.' ಸಮಿತಿಯವರು ನಿಷಿದ್ಧ ಪದಗಳಿಗೆ ಕಾವಲು ಕೂರಿಸಿದ್ದರು. ಕೋಡಿರಲಿ ದೂರಿರಲಿ, ಆ ಪದ ಇದ್ದರೆ ಒಳಗೆ ಬಿಡುವುದಿಲ್ಲ.

ಹಲ್ಲು ಕಚ್ಚಿಕೊಂಡು, ಅಂತರ್ದೃಷ್ಟಿ ಮಿತ್ರರಿಗೆ ಎಂದು ತಿದ್ದಿ ಕಳಿಸಿದ. ಒಳಗೆ ಹೋಯಿತು. ಮಿತ್ರ ಎಂದಿದ್ದಕ್ಕೆ ಅದು ಸೀದಾ ಸಂತೋಷಕೂಟಗಳನ್ನು ನಡೆಸುವವರ ಬಳಿ ಹೋಯಿತು. ಮಧ್ಯಾಹ್ನ ಉತ್ತರ ಬಂತು. ದನಿ ಓದಿತು: 'ನಿಮ್ಮ ಆತ್ಮೀಯ ಸಂದೇಶಕ್ಕೆ ಧನ್ಯವಾದ. ನಗುವ ಮುಖ. ನಗುವ ಮುಖ. ಜೋಡಿಸಿದ ಕೈಗಳು.'

ಬದಲಾವಣೆ ಮಾಡಿದ ಪ್ರೋಗ್ರಾಮರ್‌ನನ್ನು ಹುಡುಕಿಕೊಂಡು ಹೋದ. ಟೀ ಅಮ್ಮ ಅವನನ್ನು ಗಡ್ಡ ಎಂದು ಕರೆಯುತ್ತಿದ್ದಳು. ಗಡ್ಡ ಕೋಡು ತೆರೆದು ನೋಡಿ ತಲೆ ಕೆರೆದುಕೊಂಡ.

"ಅಯ್ಯೋ. ಕೋಡಲ್ಲಿ ಫೈಲಿನ ಹೆಸರೂ ಬದಲಾಗಿಬಿಟ್ಟಿದೆ. ಅದು ಈಗ 'ಅಂತರ್ದೃಷ್ಟಿ ಮಾತು' ಅಂತ ಹುಡುಕ್ತಿದೆ. ಫೈಲು ಮಾತ್ರ ಆಸ್ಪತ್ರೆ ಸರ್ವರಲ್ಲಿ 'ಕುರುಡು ಮಾತು' ಅಂತಾನೇ ಇದೆ. ಸಿಗದಿದ್ದಕ್ಕೆ ಸುಮ್ನೆ ಇದ್ದುಬಿಡುತ್ತೆ. ನಮಗೆ ಪರದೆ ಮೇಲೆ ಎಲ್ಲಾ ಸರಿಯಾಗೇ ಕಾಣುತ್ತಲ್ಲ, ಗೊತ್ತೇ ಆಗ್ಲಿಲ್ಲ."

"ಹಾಗಾದ್ರೆ ಆ ಒಂದು ಪದ ವಾಪಸ್ ಹಾಕು."

"ಐದು ನಿಮಿಷದ ಕೆಲಸ. ಆದ್ರೆ ಕಾವಲು ಬಿಡಲ್ಲ."

"ಫೈಲಿನ ಹೆಸರು ಬದಲಾಯಿಸು."

"ಆಸ್ಪತ್ರೆ ಸರ್ವರ್‌ಗೆ ಬೀಗ ಹಾಕಿದಾರೆ. ಉದ್ಘಾಟನೆ ಮುಗಿದು, ಅರ್ಜಿ ಹಾಕಿ, ಅವರು ಒಪ್ಪಿ… ಒಂದು ತಿಂಗಳಾದ್ರೂ ಬೇಕು. ನಾನೇನು ಮಾಡ್ಲಿ ಹೇಳಿ, ನನ್ನ ಕೈಲಿಲ್ಲ."

ಯಾರ ಕೈಯಲ್ಲಿ ಇದೆಯೋ ಅವನ ಬಳಿಗೆ ಹೋದ. ಪದಾಧಿಕಾರಿ ಮ್ಯಾನೇಜರ ಕೋಣೆಯಲ್ಲೇ ಇದ್ದ. ಕಿವಿಯಪ್ಪ ನಡೆದದ್ದನ್ನೆಲ್ಲ ಹೇಳಿದ. ಅಕ್ಕನ ಕಾಲಿನ ತಗ್ಗಿನ ಬಗ್ಗೆಯೂ ಹೇಳಿದ. ಹೇಳಿದ್ದು ಬೇಡಿದಂತಾಯಿತು. ಅದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ಛೆ ಛೆ," ಎಂದ ಪದಾಧಿಕಾರಿ. "ನಮ್ಮ ಅಂತರ್ದೃಷ್ಟಿ ಸಹೋದರಿಗೆ ಹೀಗಾಗಬಾರದಿತ್ತು."

"ಕುರುಡಿ ಅನ್ನಿ ಸಾರ್, ಪರವಾಗಿಲ್ಲ. ಆ ಪದಾನ ಫೈಲಿನ ಹೆಸರಿಗೆ ವಾಪಸ್ ಹಾಕಿ, ಸಾಕು."

"ಅದು ಸಾಧ್ಯವೇ ಇಲ್ಲ. ಇಷ್ಟು ದೂರ ಬಂದು ಹಿಂದಕ್ಕೆ ಹೋದ ಹಾಗಾಗುತ್ತೆ. ನಾಳೆ ಯಾರಾದರೂ ಕೋಡ್ ತೆರೆದು ನೋಡಿದರೆ ಏನಂದುಕೊಳ್ತಾರೆ?"

"ಹಾಗಾದ್ರೆ ಕೌಂಟರ್ ಮುಚ್ಚಬೇಡಿ. ಸರಿಹೋಗೋವರೆಗೂ ಇರ್ಲಿ."

ಮ್ಯಾನೇಜರ ಕುರ್ಚಿ ಕಿರುಗುಟ್ಟಿತು. "ಅದೆಲ್ಲ ತೀರ್ಮಾನ ಆಗಿಹೋಗಿದೆ. ಪತ್ರಿಕೆಯವರು ಬರ್ತಾರೆ. ಈಗ ನೀವು ಮಾಡಬೇಕಾದ್ದು ಇಷ್ಟೇ. ವೇದಿಕೆ ಮೇಲೆ ನಿಂತು ಬೆರಳಾಡಿಸಿ. ಬಟನ್ ಹೆಸರುಗಳನ್ನು ನಾವು ರೆಕಾರ್ಡ್ ಮಾಡಿ ಇಟ್ಟಿದೀವಿ. ನೀವು ಬೆರಳಾಡಿಸಿದ ಹಾಗೆ ಹಿಂದಿನಿಂದ ಹಾಕ್ತೀವಿ. ಆಮೇಲೆ 'ಪರೀಕ್ಷಿಸಿದ್ದೇನೆ, ಸರಿಯಿದೆ' ಅಂದುಬಿಡಿ."

"ಬೊಂಬೆ ಆಟಾನಾ ಸಾರ್?"

"ನಿಮ್ಮ ಕೆಲಸ ಖಾಯಂ ಮಾಡೋ ಮಾತೂ ನಡೀತಿದೆ," ಎಂದ ಮ್ಯಾನೇಜರು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ. "ಯೋಚನೆ ಮಾಡಿ. ನಿಮ್ಮಂಥವರಿಗೆ ಹೊರಗೆ ಇನ್ನೊಂದು ಕೆಲಸ ಸಿಗೋದು ಕಷ್ಟ."

ನಿಮ್ಮಂಥವರಿಗೆ. ಆ ಪದ ಮಾತ್ರ ಯಾವ ಸಮಿತಿಯ ಬಾಯಿಗೂ ಬಿದ್ದಿರಲಿಲ್ಲ.

ಅವನು ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದ. ಕೆಲಸ ಹೋದರೆ ಬಾಡಿಗೆ ಮನೆಯೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಊದಿದ ಕಾಲನ್ನು ನೀವಿಕೊಂಡಳು. ಆಮೇಲೆ, "ನನ್ನನ್ನೂ ಕರೆದಿದಾರೆ ಕಣೋ," ಎಂದಳು. ಉದ್ಘಾಟನೆಯ ಸಭೆಯಲ್ಲಿ ಕುರ್ಚಿ ತುಂಬಲು ಡಯಾಲಿಸಿಸ್ ರೋಗಿಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವುದಾಗಿ ನರ್ಸು ಹೇಳಿದ್ದಳಂತೆ. ಫಲಾನುಭವಿಗಳು ಎಂದು ಅವರಿಗೆ ಹೆಸರು.

ಆಸ್ಪತ್ರೆಯ ಸಭಾಂಗಣ. ಸೆಕೆ. ಮುಂದಿನ ಸಾಲಿನಿಂದ ಸೆಂಟಿನ ವಾಸನೆ, ಹಿಂದಿನ ಸಾಲುಗಳಿಂದ ಔಷಧಿಯ ವಾಸನೆ. ಒಬ್ಬೊಬ್ಬರೂ ಎದ್ದು ಪದಗಳ ಮಹಿಮೆಯನ್ನು ಕೊಂಡಾಡಿದರು. ಆಸ್ಪತ್ರೆಯ ಮುಖ್ಯಸ್ಥರು ಅಂತರ್ದೃಷ್ಟಿ ಎನ್ನಲು ಹೋಗಿ ಎರಡು ಸಲ ನಾಲಿಗೆ ತೊಡರಿಸಿಕೊಂಡರು. ಪದಾಧಿಕಾರಿ ಮಾತಾಡುತ್ತ ಗದ್ಗದಿತನಾದ. ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. ಆಮೇಲೆ ಇಬ್ಬರು ಬಂದು ಕಿವಿಯಪ್ಪನ ಎರಡೂ ರಟ್ಟೆ ಹಿಡಿದು, ಗಾಡಿ ಎಳೆದಂತೆ ವೇದಿಕೆಗೆ ಎಳೆದೊಯ್ದರು. ಮೆಟ್ಟಿಲಿದೆ ಎಂದು ಯಾರೂ ಹೇಳಲಿಲ್ಲ. ಮೊಣಕಾಲು ತಗುಲಿ ಚರ್ಮ ಸುಲಿಯಿತು. ಕೈಗೆ ಯಾರದೋ ಫೋನು ತುರುಕಿದರು.

"ಶುರು ಮಾಡಿ," ಎಂದು ಪದಾಧಿಕಾರಿ ಕಿವಿಯಲ್ಲಿ ಉಸುರಿದ.

ಕಿವಿಯಪ್ಪ ಬೆರಳಾಡಿಸಲಿಲ್ಲ. ಆದರೂ ಹಿಂದಿನಿಂದ ದನಿ ಶುರುವಾಗಿಬಿಟ್ಟಿತು. 'ಡಾಕ್ಟರ ಸರದಿ. ರಕ್ತಪರೀಕ್ಷೆ. ಕುರ್ಚಿ ಖಚಿತ ಮಾಡಿ.' ಅವನು ಬರೆದ ಹೆಸರುಗಳೇ. ಟೀ ಅಮ್ಮ ಒಲೆಯ ಪಕ್ಕ ಹೆಕ್ಕಿಕೊಟ್ಟ ಹೆಸರುಗಳೇ. ಜನ ಚಪ್ಪಾಳೆ ತಟ್ಟಿದರು. ತನ್ನ ದುಡಿಮೆಯನ್ನು ಕೊಂದು, ಅದರ ಹೆಣಕ್ಕೆ ಬಣ್ಣ ಹಚ್ಚಿ ಕುಣಿಸುತ್ತಿದ್ದಾರೆ ಎನ್ನಿಸಿ ಅವನ ಮೈಯೆಲ್ಲ ಉರಿಯಿತು.

ಅವನು ಆ ಫೋನನ್ನು ನೆಲದ ಮೇಲಿಟ್ಟ. ಜೇಬಿನಿಂದ ತನ್ನದನ್ನು ತೆಗೆದ. ತಡಕಾಡಿ ಮೈಕು ಹಿಡಿದು, ಫೋನಿನ ಬಾಯಿಗೆ ಒತ್ತಿದ. ಬೆರಳು ಸವರಿದ.

ಬಟನ್.

ಸಭಾಂಗಣವೆಲ್ಲ ಮೊಳಗಿತು. ಮತ್ತೆ ಸವರಿದ. ಬಟನ್. ಬಟನ್. ಬಟನ್. ಹಿಂದಿನ ರೆಕಾರ್ಡು ಇನ್ನೂ 'ನಿಮ್ಮ ಆರೋಗ್ಯ ನಮ್ಮ ಕಾಳಜಿ' ಎನ್ನುತ್ತಲೇ ಇತ್ತು. ಯಾರೋ ಗಾಬರಿಯಾಗಿ ನಿಲ್ಲಿಸಿದರು.

"ನಾನು ಕುರುಡ," ಎಂದ ಅವನು. "ನಿಮ್ಮ ಆ್ಯಪು ಕುರುಡರಿಗೆ ಹೇಳೋದು ಇಷ್ಟೇ. ಇದರಲ್ಲಿ ಒಂದು ಬಟನ್ ಒತ್ತಿದ್ರೆ ನಮ್ಮಕ್ಕನಿಗೆ ನಾಳೆ ಡಯಾಲಿಸಿಸ್ ಸಿಗುತ್ತೆ. ಇನ್ನೊಂದು ಒತ್ತಿದ್ರೆ ತಪ್ಪಿಹೋಗುತ್ತೆ. ಯಾವುದು ಯಾವುದು ಅಂತ ನನಗೆ ಗೊತ್ತಿಲ್ಲ. ಮೊದಲು ಗೊತ್ತಿತ್ತು. ನನಗೆ ಮರ್ಯಾದೆ ಕೊಡ್ತೀವಿ ಅಂತ ಹೇಳಿ ಅದನ್ನ ಕಿತ್ಕೊಂಡ್ರು."

ಆಸ್ಪತ್ರೆಯ ಮುಖ್ಯಸ್ಥರು ಮೈಕಿಲ್ಲದೆಯೇ ಕೂಗಿದರು. "ಏನೋ ಸಣ್ಣ ತಾಂತ್ರಿಕ ದೋಷ ಇರಬೇಕು. ಒಂದು ಒತ್ತಿ ನೋಡಿಯಪ್ಪ, ಸರಿಹೋಗುತ್ತೆ."

"ಒತ್ತಿ," ಎಂದ ಪದಾಧಿಕಾರಿ. ಈಗ ದನಿಯಲ್ಲಿ ಮೆತ್ತಗಿನದು ಏನೂ ಉಳಿದಿರಲಿಲ್ಲ. ಅವನ ಕೈ ಕಿವಿಯಪ್ಪನ ಮಣಿಕಟ್ಟನ್ನು ಹಿಡಿದು ಗಾಜಿನ ಕಡೆಗೆ ಬಗ್ಗಿಸಿತು.

ಔಷಧಿ ವಾಸನೆಯ ಸಾಲಿನಿಂದ ಅಕ್ಕ ಕೂಗಿದಳು. "ತಮ್ಮಾ, ಒತ್ತಬೇಡ ಕಣೋ!"

ಅವನು ಕೈ ಕೊಸರಿ ಬಿಡಿಸಿಕೊಂಡ. "ಒತ್ತಲ್ಲ," ಎಂದ. "ಫೇಲ್. ನಾನು ಪರೀಕ್ಷಕ. ನಿಮ್ಮ ಆ್ಯಪ್ ಫೇಲ್. ನಾನು ಒಪ್ಪಲ್ಲ. ಕೌಂಟರ್ ಮುಚ್ಚೋ ಹಾಗಿಲ್ಲ."

"ಮುಚ್ಚಬೇಡಿ!" ಎಂದು ಒಬ್ಬ ಮುದುಕನ ದನಿ ಎದ್ದಿತು. "ನನಗೆ ಕಣ್ಣು ಕಾಣುತ್ತೆ, ಆದ್ರೂ ನನಗೆ ಆ ಚಿತ್ರ ಒಂದೂ ತಿಳಿಯಲ್ಲ!" ಎಂದು ಇನ್ನೊಬ್ಬ ಹೆಂಗಸು. ಆಮೇಲೆ ಯಾರು ಏನು ಎನ್ನುತ್ತಿದ್ದಾರೆಂದು ಕಿವಿಯಪ್ಪನಿಗೂ ಬಿಡಿಸಿ ಕೇಳಲಾಗಲಿಲ್ಲ. ಕುರ್ಚಿಗಳು ಸರಿದವು. ಕೋಲುಗಳು ನೆಲಕ್ಕೆ ಕುಟ್ಟಿದವು. ಕುರ್ಚಿ ತುಂಬಲು ಕರೆತಂದವರು ಕುರ್ಚಿ ಬಿಟ್ಟು ಎದ್ದಿದ್ದರು. ಕ್ಯಾಮೆರಾಗಳು ಪಟಪಟ ಸದ್ದು ಮಾಡಿದವು. ಆ ಸದ್ದಿಗೇ ಇರಬೇಕು, ಆಸ್ಪತ್ರೆಯ ಮುಖ್ಯಸ್ಥರ ಮನಸ್ಸು ಕರಗಿತು. ಮೈಕು ಕಸಿದುಕೊಂಡು, ದೋಷ ಸರಿಹೋಗುವವರೆಗೆ ಕೌಂಟರ್ ತೆರೆದಿರುತ್ತದೆ ಎಂದು ಘೋಷಿಸಿದರು. ರೋಗಿಗಳ ಹಿತವೇ ತಮ್ಮ ಉಸಿರು ಎಂದು ಸೇರಿಸುವುದನ್ನೂ ಮರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಕಿಟಕಿ ತೆರೆಯಿತು. ಅಕ್ಕ ಸಾಲಿನಲ್ಲಿ ತಳ್ಳಿಸಿಕೊಂಡು ನಿಂತಳು. ಒಳಗಿನವನು ಎಂದಿನಂತೆ ರೇಗಿದ. ಅವಳೂ ತಿರುಗಿ ರೇಗಿದಳು. ಕುರ್ಚಿ ಸಿಕ್ಕಿತು. ಸೂಜಿ ಒಳಗೆ ಹೋಗಿ ಯಂತ್ರ ಗುಂಯ್ ಎನ್ನತೊಡಗಿದ ಮೇಲೆ ಕಿವಿಯಪ್ಪ ಕಚೇರಿಗೆ ಹೋದ. ಬಾಗಿಲಲ್ಲೇ ಟೀ ಅಮ್ಮ ತಡೆದಳು. "ಒಳಗೆ ಕಾಯ್ತಾ ಕೂತಿದಾರೆ ಕಿವಿಯಪ್ಪ. ಇವತ್ತು ಅವರ ಹೆಜ್ಜೇನೇ ಭಾರ," ಎಂದು ಕೈ ಹಿಸುಕಿದಳು.

ಮ್ಯಾನೇಜರ ಕೋಣೆಯಲ್ಲಿ ಮೂವರ ಉಸಿರು. ಮ್ಯಾನೇಜರು, ಪದಾಧಿಕಾರಿ, ಬರೆದುಕೊಳ್ಳಲು ಬಂದ ಒಬ್ಬಳು.

ಬಟನ್ನಿನ ಮಾತೇ ಬರಲಿಲ್ಲ. ಅಕ್ಕನ ಮಾತೂ ಬರಲಿಲ್ಲ. ರೆಕಾರ್ಡು ಹಾಕಿ ಊರಿಗೇ ಮಂಕುಬೂದಿ ಎರಚಿದ್ದೂ ಬರಲಿಲ್ಲ. ಪದಾಧಿಕಾರಿ ಗಂಟಲು ಸರಿಮಾಡಿಕೊಂಡ.

"ನೀವು ಸಾರ್ವಜನಿಕ ಸಭೆಯಲ್ಲಿ ನಿಷಿದ್ಧ ಪದ ಬಳಸಿದ್ದೀರಿ. ಒಂದಲ್ಲ, ಎರಡು ಸಲ. ನಿಯಮದ ಪ್ರಕಾರ ಕ್ಷಮೆ ಕೇಳಬೇಕು. ಕೇಳಿದರೆ ಕೆಲಸ ಉಳಿಯುತ್ತೆ. ಇಲ್ಲದಿದ್ದರೆ ಇವತ್ತೇ ಕೊನೆ."

"ಯಾರ ಕ್ಷಮೆ ಕೇಳ್ಬೇಕು ಸಾರ್?"

"ಆ ಪದದಿಂದ ಯಾರಿಗೆ ಅವಮಾನ ಆಗಿದೆಯೋ ಅವರದು."

"ಯಾರಿಗಾಗಿದೆ?"

"ನಮ್ಮ ಕಂಪನಿಯ ಅಂತರ್ದೃಷ್ಟಿ ಮಿತ್ರರಿಗೆ."

"ಅಂದ್ರೆ ನನಗೆ."

ಬರೆದುಕೊಳ್ಳುವವಳ ಪೆನ್ನು ನಿಂತಿತು. ಪದಾಧಿಕಾರಿ, "ತಾಂತ್ರಿಕವಾಗಿ ನೋಡಿದರೆ, ಹೌದು," ಎಂದ.

ಕಿವಿಯಪ್ಪ ಮಡಿಸಿದ ಕೋಲು ಬಿಚ್ಚಿಕೊಂಡು ಎದ್ದು ನಿಂತ. ಕತ್ತಿನಲ್ಲಿದ್ದ ಕಂಪನಿಯ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟ.

"ಬರ್ಕೊಳ್ಳಮ್ಮ," ಎಂದ. "ಕುರುಡನನ್ನ ವಿಚಾರಿಸಿದೆವು. ಅವನಿಗೆ ಆ ಪದದಿಂದ ಏನೂ ಆಗಿಲ್ಲವಂತೆ. ನಾವು ಮಾಡಿದ್ದರಿಂದ ಆಗಿದೆಯಂತೆ. ಕ್ಷಮಿಸಲ್ವಂತೆ."